ಪುಸ್ತಕ ನೋಡಿ ಕಲಿಯುವ ವಾದ್ಯ

ನಮ್ಮಲ್ಲಿ ವೀಣೆಯನ್ನೋ ಪಿಟೀಲನ್ನೋ ಕಲಿಯಬೇಕೆನ್ನುವವರು ಮೊದಲು ಹುಡುಕುವುದು ಗುರುಗಳನ್ನು. ಅವರ ಎದುರಿಗೆ ಕುಳಿತು, ಸರಳೆ ವರಸೆಯಿಂದ ಹಿಡಿದು, ಅವರು ನುಡಿಸಿದ್ದನ್ನು ಕಿವಿಯಿಂದ ಬೆರಳಿಗೆ ಇಳಿಸಿಕೊಳ್ಳಬೇಕು. ಗಿಟಾರಿನ ಸಂಗತಿಯೇ ಬೇರೆ. ಹೊಸದಾಗಿ ಗಿಟಾರ್ ಕೊಂಡ ಹುಡುಗ ಮೊದಲು ಹುಡುಕುವುದು ಒಂದು ಪುಸ್ತಕವನ್ನು. ಈಗೀಗ ಮೊಬೈಲ್ ಪರದೆಯನ್ನು. ಉದ್ದಕ್ಕೆ ಆರು ಗೆರೆ, ಅಡ್ಡಕ್ಕೆ ನಾಲ್ಕೈದು ಗೆರೆ, ಬೆರಳನ್ನು ಎಲ್ಲಿಡಬೇಕೆಂದು ತೋರಿಸುವ ಮೂರು ಕಪ್ಪು ಚುಕ್ಕೆ. ಇಂಥ ನಾಲ್ಕು ಚಿತ್ರಗಳು ಕೈಗೆ ಕುಳಿತರೆ ತಿಂಗಳೊಪ್ಪತ್ತಿನಲ್ಲಿ ಆತ ಗೆಳೆಯರ ಹಾಡಿಗೆ ಜೊತೆ ಕೊಡುತ್ತಾನೆ.

ಇದು ಇಂದು ನಿನ್ನೆಯ ಅಭ್ಯಾಸವಲ್ಲ. ನಾಲ್ಕು ಶತಮಾನಗಳಿಗೂ ಹಿಂದೆ ಸ್ಪೇನ್ ದೇಶದಲ್ಲಿ ಆರಂಭವಾದದ್ದು. ಇಷ್ಟು ಸುಲಭವಾಗಿ ಬರುವುದೂ ಒಂದು ವಿದ್ಯೆಯೇ ಎಂಬ ಮೂದಲಿಕೆಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಗಿಟಾರಿನ ಚರಿತ್ರೆಯನ್ನು ದೊಡ್ಡ ಕಲಾವಿದರ ಹೆಸರು ಹಿಡಿದು ಹೇಳುವುದು ರೂಢಿ. ಕಲಿಯುವವನ ಕಡೆಯಿಂದ ನೋಡಿದರೆ ಅದೇ ಚರಿತ್ರೆ ಬೇರೆಯಾಗಿ ಕಾಣುತ್ತದೆ. ಯಾರು ಕಲಿಯಬಹುದು, ಯಾರಿಂದ ಕಲಿಯಬೇಕು, ಕಲಿತದ್ದಕ್ಕೆ ಬೆಲೆಯೆಷ್ಟು ಎಂಬ ಜಗಳ ಈ ವಾದ್ಯದ ಬೆನ್ನಿಗೆ ಮೊದಲಿನಿಂದಲೂ ಅಂಟಿಕೊಂಡಿದೆ.

ಹದಿನಾರನೇ ಶತಮಾನದ ಸ್ಪೇನಿನಲ್ಲಿ ಒಂದೇ ಆಕಾರದ ಎರಡು ವಾದ್ಯಗಳಿದ್ದವು. ಒಂದು ವಿಹುಯೇಲಾ. ಸಾಮಾನ್ಯವಾಗಿ ಆರು ಜೋಡಿ ತಂತಿಗಳಿದ್ದ ಇದು ಆಸ್ಥಾನಿಕರ, ಓದುಬರಹ ಬಲ್ಲವರ ವಾದ್ಯ. ಇನ್ನೊಂದು ಅದಕ್ಕಿಂತ ಚಿಕ್ಕದಾದ, ನಾಲ್ಕು ಸಾಲು ತಂತಿಗಳ ಗಿಟಾರ್. 1536ರಲ್ಲಿ ವೆಲೆನ್ಸಿಯಾ ನಗರದಲ್ಲಿ ಲೂಯಿಸ್ ಮಿಲಾನ್ ಎಂಬಾತ ವಿಹುಯೇಲಾಕ್ಕಾಗಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಅದರ ಹೆಸರು 'ಎಲ್ ಮಾಯೆಸ್ತ್ರೊ', ಅಂದರೆ 'ಗುರು'. ಸುಲಭದಿಂದ ಕಷ್ಟಕ್ಕೆ ಹೋಗುವ ಪಾಠಗಳ ಕ್ರಮ ಅದರಲ್ಲಿತ್ತು. ಹತ್ತು ವರ್ಷಗಳ ನಂತರ ಸೆವಿಲ್ ನಗರದಲ್ಲಿ ಅಲೊನ್ಸೊ ಮುದರ‍್ರಾ ಹೊರತಂದ ಪುಸ್ತಕದಲ್ಲಿ ಗಿಟಾರಿಗೂ ಕೆಲವು ರಚನೆಗಳು ಸೇರಿಕೊಂಡವು. ಅಚ್ಚಾದ ಗಿಟಾರ್ ಸಂಗೀತದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯದು ಅದೇ.

ಈ ಪುಸ್ತಕಗಳ ಬರವಣಿಗೆಯ ಕ್ರಮವನ್ನು ಸ್ವಲ್ಪ ಗಮನಿಸಬೇಕು. ಅವು ಸ್ವರಗಳನ್ನು ಬರೆಯುವುದಿಲ್ಲ. ಒಂದೊಂದು ತಂತಿಗೆ ಒಂದೊಂದು ಗೆರೆ. ಗೆರೆಯ ಮೇಲೆ ಒಂದು ಅಂಕಿ. ಅಂಕಿ ಮೂರಾದರೆ ಆ ತಂತಿಯನ್ನು ಮೂರನೇ ಮೆಟ್ಟಿಲಿನಲ್ಲಿ ಒತ್ತಬೇಕು. ಸೊನ್ನೆಯಾದರೆ ಒತ್ತದೆ ಹಾಗೆಯೇ ಮೀಟಬೇಕು. ಹೊರಡುವ ಸ್ವರ ಯಾವುದು, ಅದು ಯಾವ ಶ್ರುತಿಯದು ಎಂಬ ಗೊಡವೆ ಓದುಗನಿಗಿಲ್ಲ. ಸಂಗೀತಶಾಸ್ತ್ರ ಗೊತ್ತಿಲ್ಲದವನೂ ಬೆರಳಿಟ್ಟರೆ ಸಂಗೀತ ಹೊರಡುತ್ತದೆ. ಗುರುವಿನ ಮನೆಯ ಬಾಗಿಲು ತೆರೆದೀತೇ ಎಂದು ಕಾಯುತ್ತಿದ್ದವನಿಗೆ ಇದು ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಆದರೂ ವಿಹುಯೇಲಾದ ರಚನೆಗಳು ಕಠಿಣವಾಗಿದ್ದವು. ಪುಸ್ತಕದ ಬೆಲೆಯೂ ಬಡವರ ಕೈಗೆ ಎಟುಕುವಂಥದಲ್ಲ. ಬಾಗಿಲನ್ನು ಪೂರ್ತಿ ತೆಗೆದವನು ಒಬ್ಬ ವೈದ್ಯ.

ವೈದ್ಯನ ಕೈಪಿಡಿ

ಕೆಟಲೋನಿಯಾ ಪ್ರಾಂತ್ಯದ ಮಾಂಟ್ಸೆರಾಟ್ ಬೆಟ್ಟದ ತಪ್ಪಲಿನಲ್ಲಿ ಮೊನಿಸ್ಟ್ರೋಲ್ ಎಂಬ ಊರಿದೆ. ಅಲ್ಲಿಯ ಜುವಾನ್ ಕಾರ್ಲೆಸ್ ಅಮಾತ್ ವೃತ್ತಿಯಿಂದ ವೈದ್ಯ. ಕೆಟಲಾನ್ ಭಾಷೆಯಲ್ಲಿ ನಾನ್ನೂರು ನೀತಿವಾಕ್ಯಗಳನ್ನು ಬರೆದ. ಅವು ಶಾಲೆಗಳಲ್ಲಿ ಮಕ್ಕಳಿಗೆ ಪಾಠವಾದವು. 1596ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ, ಆತ ಐದು ಸಾಲು ತಂತಿಗಳ 'ಸ್ಪ್ಯಾನಿಷ್ ಗಿಟಾರ್' ಕುರಿತು ಒಂದು ಪುಟ್ಟ ಪುಸ್ತಕ ಬರೆದ. ಆ ಮೊದಲ ಮುದ್ರಣದ ಪ್ರತಿ ಉಳಿದುಬಂದಿಲ್ಲ. ಸಿಕ್ಕಿರುವ ಹಳೆಯ ಪ್ರತಿ 1626ರದು. ಮುಂದೆ ಹದಿನೆಂಟನೇ ಶತಮಾನದಲ್ಲೂ ಅದು ಮತ್ತೆ ಮತ್ತೆ ಅಚ್ಚಾಗುತ್ತಲೇ ಹೋಯಿತು. ಕೈಪಿಡಿಯೊಂದು ಇಷ್ಟು ದೀರ್ಘಕಾಲ ಬಾಳುವುದು ಅಪರೂಪ.

ಅಮಾತ್ ಮಾಡಿದ್ದು ಇಷ್ಟೇ. ಒಂದೊಂದೇ ಸ್ವರವನ್ನು ಹುಡುಕಿ ಮೀಟುವ ಕಷ್ಟವನ್ನು ಬದಿಗಿಟ್ಟು, ಮೂರು ಸ್ವರಗಳನ್ನು ಒಟ್ಟಿಗೆ ಹೊರಡಿಸುವ ಬೆರಳಿನ ಹಿಡಿತಗಳನ್ನು ಪಟ್ಟಿ ಮಾಡಿದ. ಇಂದು ಗಿಟಾರ್ ಹಿಡಿದವರೆಲ್ಲ ಕಾರ್ಡ್ ಎಂದು ಕರೆಯುವುದು ಈ ಸ್ವರಗುಚ್ಛವನ್ನೇ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಅಂತರ ಗಾಂಧಾರ ಮತ್ತು ಪಂಚಮಗಳನ್ನು ಏಕಕಾಲಕ್ಕೆ ನುಡಿಸಿದರೆ ಒಂದು ಬಗೆ. ಗಾಂಧಾರವನ್ನು ಒಂದು ಮೆಟ್ಟಿಲು ಇಳಿಸಿ ಸಾಧಾರಣ ಗಾಂಧಾರ ಮಾಡಿದರೆ ಇನ್ನೊಂದು ಬಗೆ. ಮೊದಲನೆಯದು ಅರಳಿದ ಹಾಗೆ ಕೇಳಿಸುತ್ತದೆ, ಎರಡನೆಯದು ಸ್ವಲ್ಪ ಕವಿದ ಹಾಗೆ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳಿರುವುದರಿಂದ ಪ್ರತಿ ಬಗೆಯಲ್ಲೂ ಹನ್ನೆರಡು, ಒಟ್ಟು ಇಪ್ಪತ್ತನಾಲ್ಕು ಹಿಡಿತಗಳು. ಅಮಾತ್ ಇವುಗಳಿಗೆ ಒಂದರಿಂದ ಹನ್ನೆರಡರವರೆಗೆ ಅಂಕಿ ಕೊಟ್ಟು, ಬಗೆಯನ್ನು ತೋರಿಸಲು ಪಕ್ಕದಲ್ಲಿ ಒಂದು ಅಕ್ಷರ ಸೇರಿಸಿದ. ಹಾಡಿನ ಸಾಲಿನ ಮೇಲೆ ಅಂಕಿ ಬರೆದುಕೊಂಡರೆ ಮುಗಿಯಿತು. ಹಾಡುವವನ ಕಂಠಕ್ಕೆ ಶ್ರುತಿ ಎತ್ತರವಾಯಿತೆ? ಎಲ್ಲ ಅಂಕಿಗಳನ್ನೂ ಒಂದೇ ಅಳತೆಯಲ್ಲಿ ಸರಿಸಿದರಾಯಿತು.

ಹತ್ತು ವರ್ಷ ಕಳೆಯುವುದರೊಳಗೆ, 1606ರಲ್ಲಿ, ಇಟಲಿಯ ಫ್ಲಾರೆನ್ಸಿನಲ್ಲಿ ಜಿರೊಲಾಮೊ ಮಾಂಟೆಸಾರ್ಡೊ ಎಂಬಾತ ಇದೇ ರೀತಿಯ ಪದ್ಧತಿಯೊಂದನ್ನು ಅಂಕಿಗಳ ಬದಲು ಅಕ್ಷರಮಾಲೆಯಿಂದ ಅಚ್ಚು ಮಾಡಿಸಿದ. ಇಂದಿಗೂ ಹಾಡಿನ ಸಾಹಿತ್ಯದ ಮೇಲೆ ಸಿ, ಜಿ, ಡಿ ಎಂದು ಅಕ್ಷರ ಬರೆದುಕೊಳ್ಳುವವರು ಆ ಅಭ್ಯಾಸದ ವಾರಸುದಾರರೇ. ಆದರೆ ಅಂದಿನ ಅಕ್ಷರಗಳಿಗೆ ಸ್ವರದ ಹೆಸರಿನೊಡನೆ ಸಂಬಂಧವಿರಲಿಲ್ಲ. ಅವು ಹಿಡಿತದ ಗುರುತುಗಳಷ್ಟೆ.

ಪರಿಣಾಮ ಬೇಗನೆ ಕಾಣಿಸಿತು. ಸೆಬಾಸ್ಟಿಯನ್ ದ ಕೊವಾರೂಬಿಯಾಸ್ ಎಂಬ ಪಾದ್ರಿ 1611ರಲ್ಲಿ ಕ್ಯಾಸ್ಟಿಲಿಯನ್ ಭಾಷೆಗೆ ದೊಡ್ಡದೊಂದು ನಿಘಂಟನ್ನು ಪ್ರಕಟಿಸಿದ. ನಿಘಂಟುಕಾರರು ಸಾಮಾನ್ಯವಾಗಿ ಸಿಟ್ಟಾಗುವವರಲ್ಲ. ಈತ ವಿಹುಯೇಲಾದ ಅರ್ಥ ಬರೆಯುವಾಗ ಸಿಟ್ಟಾಗಿದ್ದಾನೆ. ಗಿಟಾರ್ ಬಂದ ಮೇಲೆ ಆ ಘನವಾದ ವಾದ್ಯ ಮೂಲೆಗೆ ಬಿತ್ತು, ಅದನ್ನು ಕಲಿಯುವವರೇ ಇಲ್ಲವಾದರು ಎಂಬುದು ಆತನ ದೂರು. ಗಿಟಾರನ್ನು ದನದ ಕೊರಳ ಗಂಟೆಗೆ ಹೋಲಿಸಿದ. ಕುದುರೆಲಾಯದ ಆಳುಗಳೂ ಸಂಗೀತಗಾರರಾಗಿಬಿಟ್ಟರೆಂದು ಹಂಗಿಸಿದ. 1615ರಲ್ಲಿ ಹೊರಬಂದ 'ಡಾನ್ ಕ್ವಿಕ್ಸೋಟ್' ಕಾದಂಬರಿಯ ಎರಡನೇ ಭಾಗದಲ್ಲಿ ಕ್ಷೌರಿಕರೆಂದರೆ ಹೆಚ್ಚಿನವರು ಗಿಟಾರ್ ನುಡಿಸುವವರೇ ಎಂಬ ಮಾತು ಬರುತ್ತದೆ. ವಾದ್ಯ ಯಾರ ಕೈ ಸೇರಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೊವಾರೂಬಿಯಾಸನ ದೂರಿನಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಮಿಲಾನ್, ಮುದರ‍್ರಾ ಬರೆದ ಸೂಕ್ಷ್ಮ ರಚನೆಗಳ ಮುಂದೆ, ಐದು ತಂತಿಗಳನ್ನು ಒಟ್ಟಿಗೆ ಮೇಲೆ ಕೆಳಗೆ ಬಾರಿಸುವುದು ಒರಟೇ. ವಿಹುಯೇಲಾ ನಿಜಕ್ಕೂ ಮರೆಯಾಯಿತು; ಅದರೊಂದಿಗೆ ಒಂದು ಪರಂಪರೆಯೂ ಹೋಯಿತು. ಆದರೆ ಕುದುರೆಲಾಯದ ಆಳಿಗೆ ವಿಹುಯೇಲಾ ಕಲಿಸಲು ಯಾವ ಗುರುವೂ ಮುಂದೆ ಬಂದಿರಲಿಲ್ಲ ಎಂಬುದೂ ಅಷ್ಟೇ ನಿಜ. ಆತನ ಪಾಲಿಗೆ ಆಯ್ಕೆ ಇದ್ದದ್ದು ಒಳ್ಳೆಯ ಸಂಗೀತ, ಕೆಟ್ಟ ಸಂಗೀತಗಳ ನಡುವೆ ಅಲ್ಲ. ಗಿಟಾರ್ ಇತ್ತು, ಇಲ್ಲದಿದ್ದರೆ ಏನೂ ಇಲ್ಲ.

ಬಾರಿಸುವುದನ್ನೂ ಬಿಡದೆ ಮೀಟುವುದನ್ನೂ ಕಲಿಸಿ ಎರಡನ್ನು ಬೆಸೆದವರಲ್ಲಿ ಗ್ಯಾಸ್ಪರ್ ಸಾನ್ಸ್ ಮುಖ್ಯನು. ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಓದಿದ ಪಾದ್ರಿ ಈತ. 1674ರಲ್ಲಿ ಜರಗೋಜಾದಲ್ಲಿ ಅಚ್ಚಾದ ಈತನ ಪಾಠಪುಸ್ತಕ ತಂತಿಯನ್ನು ಆರಿಸುವುದು, ಮೆಟ್ಟಿಲುಗಳನ್ನು ಕೂರಿಸುವುದು, ಶ್ರುತಿ ಮಾಡುವುದು ಎಲ್ಲವನ್ನೂ ಹೇಳಿಕೊಡುತ್ತದೆ. ಗದ್ದಲದ ಸಂಗೀತಕ್ಕೆ ದಪ್ಪ ತಂತಿ ಇರಲಿ, ನಯವಾಗಿ ಮೀಟುವುದಕ್ಕೆ ರೋಮ್ ನಗರದ ವಿದ್ವಾಂಸರಂತೆ ತೆಳು ತಂತಿ ಮೇಲು ಎಂಬಂಥ ವ್ಯಾವಹಾರಿಕ ಸಲಹೆಗಳು ಅದರಲ್ಲಿವೆ. ಅದೇ ಕಾಲದಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಕೂಡ ಗಿಟಾರ್ ನುಡಿಸುತ್ತಿದ್ದ. ಇಟಲಿಯ ಫ್ರಾಂಚೆಸ್ಕೊ ಕೊರ್ಬೆಟಾ ಆತನಿಗೆ ಕಲಿಸಿದವನೆಂದು ಹೇಳಲಾಗುತ್ತದೆ. ಲಾಯದಿಂದ ಅರಮನೆಗೆ ವಾದ್ಯ ತಲುಪಿತ್ತು, ಲಾಯವನ್ನು ಬಿಟ್ಟಿರಲಿಲ್ಲ.

ಮೆಟ್ಟಿಲಿನ ಲೆಕ್ಕ, ಶ್ರುತಿಯ ತಕರಾರು

ಗುರುವಿಲ್ಲದೆ ಕಲಿಯುವುದು ಗಿಟಾರಿನಲ್ಲಿ ಸಾಧ್ಯವಾದದ್ದಕ್ಕೆ ಕಾರಣ ಬರೀ ಪುಸ್ತಕವಲ್ಲ, ವಾದ್ಯದ ಕಟ್ಟಡವೂ ಹೌದು. ಪಿಟೀಲಿನಲ್ಲಿ ಬೆರಳು ಕೂದಲೆಳೆಯಷ್ಟು ಜಾರಿದರೆ ಅಪಸ್ವರ. ಗಿಟಾರಿನಲ್ಲಿ ಎರಡು ಮೆಟ್ಟಿಲುಗಳ ನಡುವೆ ಎಲ್ಲಿ ಒತ್ತಿದರೂ ತಂತಿ ನಿಲ್ಲುವುದು ಮೆಟ್ಟಿಲಿನ ಮೇಲೆ. ಸ್ವರವನ್ನು ಕಾಯುವ ಕೆಲಸವನ್ನು ಕಿವಿಯಿಂದ ತೆಗೆದು ವಾದ್ಯ ಮಾಡುವವನಿಗೆ ಒಪ್ಪಿಸಿದಂತಾಯಿತು.

ಹಾಗಾದರೆ ಮಾಡುವವನು ಮೆಟ್ಟಿಲನ್ನು ಎಲ್ಲಿ ಕೂರಿಸಬೇಕು? ನಮ್ಮ ವೀಣೆಯಲ್ಲಿ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಣದ ಮೇಲೆ, ಕಿವಿಗೊಟ್ಟು ಕೇಳುತ್ತ, ಒಂದೊಂದಾಗಿ ಸರಿಸಿ ಕೂರಿಸುತ್ತಾರೆ. ಹಳೆಯ ಗಿಟಾರುಗಳಲ್ಲೂ ಮೆಟ್ಟಿಲೆಂದರೆ ಕತ್ತಿನ ಸುತ್ತ ಬಿಗಿದ ಕರುಳಿನ ದಾರವೇ. ಸಿತಾರಿನ ಮೆಟ್ಟಿಲಿನಂತೆ ಅದನ್ನು ಸರಿಸಬಹುದಿತ್ತು. ಕಿವಿಯ ಬದಲು ಅಳತೆಪಟ್ಟಿ ಸಾಕು ಎಂಬ ಸೂತ್ರವನ್ನು 1581ರಲ್ಲಿ ಗ್ರಂಥದಲ್ಲಿ ವಿವರಿಸಿದವನು ವಿಂಚೆಂಜೊ ಗೆಲಿಲಿ. ದೂರದರ್ಶಕದಿಂದ ಗುರುಗ್ರಹದ ಚಂದ್ರರನ್ನು ಕಂಡ ಗೆಲಿಲಿಯೋನ ತಂದೆ ಈತ. ಸ್ವತಃ ಲ್ಯೂಟ್ ವಾದಕ.

ಸೂತ್ರ ಬಹಳ ಸರಳ. ತಂತಿಯ ಉದ್ದವನ್ನು ಹದಿನೆಂಟು ಭಾಗ ಮಾಡಿ, ಒಂದು ಭಾಗದ ದೂರದಲ್ಲಿ ಮೊದಲ ಮೆಟ್ಟಿಲು ಇಡುವುದು. ಉಳಿದ ಉದ್ದವನ್ನು ಮತ್ತೆ ಹದಿನೆಂಟು ಭಾಗ ಮಾಡಿ ಎರಡನೆಯದು. ಹೀಗೆಯೇ ಮುಂದಕ್ಕೆ. ಇಂದಿನ ಸಾಮಾನ್ಯ ಗಿಟಾರಿನ 650 ಮಿಲಿಮೀಟರ್ ತಂತಿಗೆ ಇದನ್ನು ಹಚ್ಚಿದರೆ ಮೊದಲ ಮೆಟ್ಟಿಲು ಸುಮಾರು 36 ಮಿಲಿಮೀಟರಿಗೆ, ಎರಡನೆಯದು ಅಲ್ಲಿಂದ ಸುಮಾರು 34 ಮಿಲಿಮೀಟರಿಗೆ ಬರುತ್ತದೆ. ಹನ್ನೆರಡನೇ ಮೆಟ್ಟಿಲಿಗೆ ಸರಿಯಾಗಿ ಅರ್ಧ, ಎಂದರೆ 325 ಮಿಲಿಮೀಟರ್ ಉಳಿದರೆ ಮೇಲಿನ ಸ್ಥಾಯಿಯ ಷಡ್ಜ ಹುಟ್ಟುತ್ತದೆ. ಗೆಲಿಲಿಯ ಲೆಕ್ಕದಲ್ಲಿ 327 ಚಿಲ್ಲರೆ ಉಳಿಯುತ್ತದೆ. ಸ್ವರ ಸ್ವಲ್ಪ ಇಳಿಯುತ್ತದೆ. ಆದರೆ ಬೆರಳಿನಿಂದ ಒತ್ತಿದಾಗ ತಂತಿ ಬಿಗಿಯುವುದರಿಂದ ಸ್ವರ ತುಸು ಏರುತ್ತದೆ. ಒಂದು ತಪ್ಪು ಇನ್ನೊಂದನ್ನು ಬಹುಮಟ್ಟಿಗೆ ಸರಿದೂಗಿಸಿತು. ಈಗ ಹದಿನೆಂಟರ ಬದಲು 17.817ರಿಂದ ಭಾಗಿಸುತ್ತಾರೆ, ಬಿಗಿತದಿಂದ ಏರುವ ಸ್ವರಕ್ಕೆಂದು ಕುದುರೆಯನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಕೂರಿಸುತ್ತಾರೆ.

ಶ್ರುತಿಯ ವಿಷಯ ಇಷ್ಟು ಸುಲಭದ್ದಲ್ಲ. ಗಿಟಾರಿನ ಆರು ತಂತಿಗಳಲ್ಲಿ ಅತ್ಯಂತ ಮಂದ್ರದ್ದನ್ನು ಷಡ್ಜವೆಂದುಕೊಂಡರೆ ಮುಂದಿನದು ಅದರ ಶುದ್ಧ ಮಧ್ಯಮ. ಅದನ್ನು ಷಡ್ಜವೆಂದುಕೊಂಡರೆ ಅದರ ಮುಂದಿನದೂ ಮಧ್ಯಮ. ಹೀಗೆ ಸಾಗುವಾಗ ನಾಲ್ಕನೆಯ ಮತ್ತು ಐದನೆಯ ತಂತಿಗಳ ನಡುವೆ ಮಾತ್ರ ಅಂತರ ಗಾಂಧಾರದ ದೂರ. ಆಮೇಲೆ ಮತ್ತೆ ಮಧ್ಯಮ. ಈ ಒಂದು ವ್ಯತ್ಯಾಸದಿಂದಾಗಿಯೇ ಮೊದಲ ಮತ್ತು ಕೊನೆಯ ತಂತಿಗಳು ಎರಡು ಸ್ಥಾಯಿಗಳ ಅಂತರದಲ್ಲಿ ಒಂದೇ ಸ್ವರ ನುಡಿಯುತ್ತವೆ. ಸ್ವರಗುಚ್ಛಗಳೂ ಒಂದು ಕೈಯ ಹಿಡಿತಕ್ಕೆ ಸಿಕ್ಕುತ್ತವೆ.

ಕಿವಿ ಚುರುಕಾದವರಿಗೆ ಇಲ್ಲೊಂದು ತಕರಾರು ಎದುರಾಗುತ್ತದೆ. ಒಂದೊಂದೂ ಮಧ್ಯಮವನ್ನು ತಂಬೂರಿ ಶ್ರುತಿ ಮಾಡುವ ನಿಷ್ಠೆಯಿಂದ ಶುದ್ಧವಾಗಿ ಕೂಡಿಸಿ, ಗಾಂಧಾರವನ್ನೂ ಹಾಗೆಯೇ ಮಾಡಿ ಕೊನೆಗೆ ಬಂದರೆ, ಕೊನೆಯ ತಂತಿ ಮೊದಲಿನದಕ್ಕೆ ಹೊಂದುವುದಿಲ್ಲ. ಮಧ್ಯಮದ ಪ್ರಮಾಣ 4/3, ಗಾಂಧಾರದ್ದು 5/4. ನಾಲ್ಕು ಮಧ್ಯಮ, ಒಂದು ಗಾಂಧಾರಗಳನ್ನು ಗುಣಿಸಿದರೆ ಬರಬೇಕಾದ 4ಕ್ಕೆ ಬದಲು ಸುಮಾರು 3.95 ಬರುತ್ತದೆ. ಕೊರತೆಯ ಪ್ರಮಾಣ 81/80. ನಮ್ಮ ಶಾಸ್ತ್ರಕಾರರು ಪ್ರಮಾಣ ಶ್ರುತಿ ಎಂದು ಕರೆಯುವ ಅಂತರವೇ ಇದು. ಮೆಟ್ಟಿಲುಗಳು ಲೆಕ್ಕದ ಪ್ರಕಾರ ಸಮನಾಗಿ ಹಂಚಿಕೊಂಡ ಸ್ವರಸ್ಥಾನಗಳಿಗೆ ಕೂತಿರುವುದರಿಂದ, ತಂತಿಗಳನ್ನೂ ಅದೇ ಲೆಕ್ಕಕ್ಕೆ ಬಗ್ಗಿಸದೆ ಗತಿಯಿಲ್ಲ. ಗಾಂಧಾರವನ್ನು ಶುದ್ಧವಾದುದಕ್ಕಿಂತ ತುಸು ಹೆಚ್ಚಿಗೆ ಏರಿಸಬೇಕು. ಹೊಸಬರು ಬಿರಡೆ ತಿರುಗಿಸುತ್ತ ಗಂಟೆಗಟ್ಟಲೆ ಒದ್ದಾಡುವುದು ಸಾಮಾನ್ಯವಾಗಿ ಈ ಐದನೆಯ ತಂತಿಯ ಹತ್ತಿರವೇ. ಈಗ ಅಂಗೈ ಅಗಲದ ಯಂತ್ರವೊಂದು ಹಸಿರು ದೀಪ ಹೊತ್ತಿಸಿ ಶ್ರುತಿ ಸೇರಿತೆಂದು ಹೇಳಿಬಿಡುತ್ತದೆ. ಸೇರಿದ್ದು ಯಾವುದಕ್ಕೆ ಎಂಬುದನ್ನು ಹೇಳುವುದಿಲ್ಲ.

ಉಗುರೋ, ಬೆರಳೋ

ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಜೋಡಿ ತಂತಿಗಳು ಹೋಗಿ ಆರು ಒಂಟಿ ತಂತಿಗಳು ಬಂದವು. ಶ್ರುತಿ ಮಾಡುವುದು ಹಗುರವಾಯಿತು, ಕಲಿಯುವವರು ಹೆಚ್ಚಾದರು. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳ ಪ್ಯಾರಿಸ್ ನಗರಕ್ಕೆ ಗಿಟಾರಿನ ಹುಚ್ಚೇ ಹಿಡಿಯಿತು. ಕರುಲ್ಲಿ ಮತ್ತು ಮೊಲಿನೊ ಎಂಬ ಇಬ್ಬರು ಇಟಲಿಯ ವಾದಕರ ಪಾಠಕ್ರಮಗಳನ್ನು ಅನುಸರಿಸುವ ಎರಡು ಪಂಗಡಗಳ ಜಗಳವೇ ಅಂದಿನ ವ್ಯಂಗ್ಯಚಿತ್ರವೊಂದರ ವಸ್ತು. ಅದರಲ್ಲಿ ಎರಡೂ ಕಡೆಯವರು ಗಿಟಾರನ್ನೇ ದೊಣ್ಣೆ ಮಾಡಿಕೊಂಡು ಬಡಿದಾಡುತ್ತಾರೆ.

ಮಾಂಟ್ಸೆರಾಟ್ ಬೆಟ್ಟ ಇಲ್ಲಿ ಮತ್ತೊಮ್ಮೆ ಬರುತ್ತದೆ. ಅಮಾತನ ಊರಿನ ಮೇಲ್ಗಡೆ ಇರುವ ಅಲ್ಲಿಯ ಕ್ರೈಸ್ತ ಮಠದಲ್ಲಿ ಬಾಲಕನಾಗಿದ್ದಾಗ ಸಂಗೀತ ಕಲಿತವನು ಫೆರ್ನಾಂಡೊ ಸೋರ್. ಆತ 1830ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ ಪಾಠಪುಸ್ತಕ ಅಮಾತನದಕ್ಕೆ ತೀರ ವಿರುದ್ಧ. ಹಿಡಿತಗಳ ಪಟ್ಟಿಯ ಬದಲು ಕಾರಣಗಳ ಚರ್ಚೆ. ಕೈ ಹೀಗೆಯೇ ಏಕಿರಬೇಕು, ಬೆರಳು ತಂತಿಯನ್ನು ಯಾವ ಕೋನದಲ್ಲಿ ಮುಟ್ಟಬೇಕು ಎಂದು ಚಿತ್ರ ಬರೆದು ವಾದಿಸುತ್ತಾನೆ. ಅಭ್ಯಾಸ ಮಾಡುವವನಿಗಿಂತ ಯೋಚಿಸುವವನಿಗೆ ಬರೆದ ಪುಸ್ತಕ ಅದು. ಗಿಟಾರಿನ ಪಾಠಪುಸ್ತಕಗಳಲ್ಲಿ ಓದಿಸಿಕೊಂಡು ಹೋಗುವಂಥವು ಕಡಿಮೆ. ಅವುಗಳಲ್ಲಿ ಇದು ಒಂದು.

ಸೋರ್ ಬೆರಳಿನ ತುದಿಯ ಮಾಂಸದಿಂದ ಮೀಟುತ್ತಿದ್ದ. ಉಗುರಿನ ಸದ್ದು ಆತನಿಗೆ ಹಿಡಿಸುತ್ತಿರಲಿಲ್ಲ. ಆತನ ಗೆಳೆಯ, ಮ್ಯಾಡ್ರಿಡ್ಡಿನ ದಿಯೊನಿಸಿಯೊ ಅಗ್ವಾದೊ ಉಗುರಿನಿಂದಲೇ ಮೀಟುತ್ತಿದ್ದ. 1825ರಷ್ಟು ಹಿಂದೆಯೇ ತನ್ನ ಪಾಠಪುಸ್ತಕ ಹೊರತಂದಿದ್ದ. ಈ ಭಿನ್ನಾಭಿಪ್ರಾಯದಿಂದ ಸ್ನೇಹ ಕೆಡಲಿಲ್ಲ. ಇಬ್ಬರೂ ಸೇರಿ ನುಡಿಸಲೆಂದು ಸೋರ್ ಬರೆದ ರಚನೆಗೆ 'ಇಬ್ಬರು ಗೆಳೆಯರು' ಎಂದೇ ಹೆಸರು. ಅದರಲ್ಲಿ ಒಂದು ಭಾಗ ಸೋರನದು, ಇನ್ನೊಂದು ಅಗ್ವಾದೊನದು. ಇಂದು ಶಾಸ್ತ್ರೀಯ ಗಿಟಾರ್ ವಾದಕರಲ್ಲಿ ಬಹುಪಾಲು ಜನ ಉಗುರು ಬೆಳೆಸುತ್ತಾರೆ. ಅಗ್ವಾದೊ ಗೆದ್ದನೆನ್ನಬೇಕು.

ಸ್ವಂತವಾಗಿ ಕಲಿತವನು ಎಲ್ಲಿಯವರೆಗೆ ಹೋಗಬಲ್ಲ ಎಂಬ ಪ್ರಶ್ನೆಗೆ ಇಪ್ಪತ್ತನೇ ಶತಮಾನ ಕೊಟ್ಟ ಉತ್ತರ ಆಂದ್ರೆಸ್ ಸೆಗೋವಿಯಾ. 1893ರಲ್ಲಿ ಲಿನಾರೆಸ್ ಎಂಬಲ್ಲಿ ಹುಟ್ಟಿದ ಈತನಿಗೆ ಗಿಟಾರಿನ ಗುರುವೆಂದು ಹೇಳಿಕೊಳ್ಳುವಂಥವರು ಇರಲಿಲ್ಲ. ಹೆಂಡದಂಗಡಿಯ ವಾದ್ಯವೆಂದು ಮರ್ಯಾದಸ್ಥರು ದೂರವಿಟ್ಟಿದ್ದ ಕಾಲ. ಸೆಗೋವಿಯಾ ಸಿಕ್ಕಿದ ಪುಸ್ತಕ, ಸಿಕ್ಕಿದ ರಚನೆಗಳಿಂದ ತನಗೆ ತಾನೇ ಪಾಠ ಹೇಳಿಕೊಂಡ. 1935ರಲ್ಲಿ ಪ್ಯಾರಿಸಿನಲ್ಲಿ, ಬಾಖ್ ಒಂಟಿ ಪಿಟೀಲಿಗಾಗಿ ಬರೆದ ಶಾಕೋನ್ ಎಂಬ ಕಠಿಣ ರಚನೆಯನ್ನು ಗಿಟಾರಿಗೆ ಅಳವಡಿಸಿ ನುಡಿಸಿದ. 1954ರಲ್ಲಿ ವಾಕಿನ್ ರೊದ್ರಿಗೊ ಈತನಿಗೆಂದೇ ವಾದ್ಯವೃಂದದೊಡನೆ ನುಡಿಸುವ ಕೃತಿಯೊಂದನ್ನು ರಚಿಸಿದ. ಅದರ ರಾಗಗಳನ್ನು ಎತ್ತಿಕೊಂಡದ್ದು ಗ್ಯಾಸ್ಪರ್ ಸಾನ್ಸನ ಆ ಹಳೆಯ ಪಾಠಪುಸ್ತಕದಿಂದ. ಹಾಗೆ ಕಲಿತವನೇ ಮುಂದೆ ಜಗತ್ತಿನ ಹಲವೆಡೆಯ ವಾದಕರಿಗೆ ಗುರುವಾದ. ಬಹಳ ಕಟ್ಟುನಿಟ್ಟಿನ ಗುರು. ವಿದ್ಯಾರ್ಥಿಗಳು ತಮ್ಮದೇ ದಾರಿ ಹಿಡಿಯುವುದು ಆತನಿಗೆ ಸರಿಬರುತ್ತಿರಲಿಲ್ಲ.

ಅಮಾತನ ಸಂತತಿಯೂ ನಿಲ್ಲಲಿಲ್ಲ. 1957ರಲ್ಲಿ ಇಂಗ್ಲೆಂಡಿನ ವಾದಕ ಬರ್ಟ್ ವೀಡನ್ 'ಪ್ಲೇ ಇನ್ ಎ ಡೇ' ಎಂಬ ತೆಳುವಾದ ಕೈಪಿಡಿ ಪ್ರಕಟಿಸಿದ. ಒಂದೇ ದಿನದಲ್ಲಿ ನುಡಿಸಿ ಎಂಬ ಅದರ ಹೆಸರನ್ನು ನೋಡಿದ್ದರೆ ಕೊವಾರೂಬಿಯಾಸ್ ಏನೆನ್ನುತ್ತಿದ್ದನೋ. ಯುದ್ಧಾನಂತರದ ಇಂಗ್ಲೆಂಡಿನ ಕಾರ್ಮಿಕ ಬಡಾವಣೆಗಳಲ್ಲಿ ಸಂಗೀತಶಾಲೆಯ ಶುಲ್ಕ ಕೊಡಲಾಗದ ಮನೆಗಳ ಹುಡುಗರು ಅದನ್ನು ಕೊಂಡರು. ಪಾಲ್ ಮೆಕಾರ್ಟ್ನಿ, ಎರಿಕ್ ಕ್ಲಾಪ್ಟನ್ ಮುಂತಾದವರು ತಮ್ಮ ಮೊದಲ ಪಾಠಗಳಿಗೆ ಆ ಪುಸ್ತಕವನ್ನು ನೆನೆದಿದ್ದಾರೆ.

ಪುಸ್ತಕಕ್ಕೆ ಇಳಿಯದ್ದು

ನುಡಿಸುವ ವಿದ್ಯೆ ಕಾಗದಕ್ಕೆ ಇಳಿಯಿತು. ಗಿಟಾರ್ ಮಾಡುವ ವಿದ್ಯೆ ಮಾತ್ರ ಬಹುಕಾಲ ಇಳಿಯಲಿಲ್ಲ. ಅದು ಕೈಯಿಂದ ಕೈಗೆ ಹೋಗುವಂಥದು. ಅಲ್ಲಿಯೂ ಯಾರು ಮಾಡಬಹುದೆಂಬ ಜಗಳ ತಪ್ಪಲಿಲ್ಲ. ಜರ್ಮನಿಯ ಮಾರ್ಕ್‌ನೊಯ್‌ಕಿರ್ಶೆನ್ ಎಂಬ ಊರಿನಲ್ಲಿ ಪಿಟೀಲು ತಯಾರಕರ ಸಂಘ, ಗಿಟಾರ್ ಮಾಡುವ ಹಕ್ಕು ತಮ್ಮದು, ಮೇಜು ಕಪಾಟು ಮಾಡುವ ಬಡಗಿಗಳದ್ದಲ್ಲ ಎಂದು 1826ರಿಂದ ವರ್ಷಗಟ್ಟಲೆ ವ್ಯಾಜ್ಯ ಹೂಡಿತು. ಬಡಗಿಗಳ ಕಡೆಯ ಮನೆತನವೊಂದರ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ಊರು ಬಿಟ್ಟು ನ್ಯೂಯಾರ್ಕಿಗೆ ಹೋದ. ಆತ ಅಲ್ಲಿ ಆರಂಭಿಸಿದ ಕಂಪೆನಿ ಮುಂದೆ ಉಕ್ಕಿನ ತಂತಿಯ ಗಿಟಾರುಗಳಿಗೆ ಹೆಸರಾಯಿತು.

ಸ್ಪೇನಿನಲ್ಲಿ ಇಂದಿನ ಗಿಟಾರಿನ ರೂಪವನ್ನು ನಿಶ್ಚಯಿಸಿದವನೂ ಬಡಗಿಯೇ. 1817ರಲ್ಲಿ ಅಲ್ಮೇರಿಯಾದ ಬಳಿ ಹುಟ್ಟಿದ ಆಂಟೋನಿಯೊ ದ ಟೊರೆಸ್ ವಾದ್ಯದ ಗಾತ್ರ ಹಿಗ್ಗಿಸಿದ. ಮೇಲುಹಲಗೆಯನ್ನು ತೆಳುವಾಗಿಸಿ, ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಏಳು ಪಟ್ಟಿಗಳ ಆಧಾರ ಕೊಟ್ಟ. ಈ ತಂತ್ರವನ್ನು ಹುಟ್ಟುಹಾಕಿದವನು ಆತನಲ್ಲ, ಹದಕ್ಕೆ ತಂದವನು. ನಾದ ಹುಟ್ಟುವುದು ಮೇಲುಹಲಗೆಯಿಂದ, ಪಕ್ಕೆ ಬೆನ್ನುಗಳದ್ದು ಎರಡನೆಯ ಪಾತ್ರ ಎಂಬುದು ಆತನ ನಂಬಿಕೆ. ಅದನ್ನು ತೋರಿಸಲು 1862ರಲ್ಲಿ ಮೇಲುಹಲಗೆಯನ್ನು ಮಾತ್ರ ಒಳ್ಳೆಯ ಮರದಲ್ಲಿ ಮಾಡಿ, ಪಕ್ಕೆ ಮತ್ತು ಬೆನ್ನನ್ನು ಕಾಗದದ ರಟ್ಟಿನಿಂದ ಮಾಡಿಬಿಟ್ಟ. ಆ ಗಿಟಾರ್ ಇಂದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟಾದರೂ ಟೊರೆಸನ ಹೊಟ್ಟೆಪಾಡು ಗಿಟಾರಿನಿಂದ ನಡೆಯಲಿಲ್ಲ. 1870ರ ಸುಮಾರಿಗೆ ಊರಿಗೆ ಮರಳಿ ಪಿಂಗಾಣಿ ಸಾಮಾನಿನ ಅಂಗಡಿ ಇಟ್ಟ. ಕೆಲವು ವರ್ಷಗಳ ನಂತರ ಮತ್ತೆ ಉಳಿ ಹಿಡಿದ. ರಹಸ್ಯವೇನೆಂದು ಕೇಳಿದವರಿಗೆ, ಅದು ತನ್ನ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿದೆ, ಹಲಗೆ ಹದವಾಯಿತೇ ಇಲ್ಲವೇ ಎಂದು ಅವೇ ಹೇಳುತ್ತವೆ, ಬಿಟ್ಟುಹೋಗುವುದು ಸಾಧ್ಯವಿಲ್ಲ ಎಂದನಂತೆ. ಆತನನ್ನು ಬಲ್ಲ ಪಾದ್ರಿಯೊಬ್ಬರ ನೆನಪಿನಲ್ಲಿ ಈ ಮಾತು ಉಳಿದುಬಂದಿದೆ. ಟೊರೆಸ್ 1892ರಲ್ಲಿ ತೀರಿಕೊಂಡ. ಅಳತೆಗಳನ್ನು ಎಲ್ಲರೂ ನಕಲು ಮಾಡಿದರು.

ಆ ಮೇಲುಹಲಗೆಯ ದಪ್ಪ ಎರಡರಿಂದ ಎರಡೂವರೆ ಮಿಲಿಮೀಟರ್ ಮಾತ್ರ. ಗಿಟಾರಿನ ಆರೈಕೆಯ ನಿಯಮಗಳೆಲ್ಲ ಹುಟ್ಟುವುದು ಇಲ್ಲಿಂದ. ನೈಲಾನ್ ತಂತಿಗಳು ಆರೂ ಸೇರಿ ಸುಮಾರು 40 ಕಿಲೋ ಭಾರದಷ್ಟು ಬಿಗಿತದಿಂದ ಎಳೆಯುತ್ತವೆ. ಉಕ್ಕಿನವು 70 ಕಿಲೋಗೂ ಮೇಲೆ. ಸದ್ದು ಜೋರಾಗಲಿ ಎಂದು ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟಿದರೆ ಒಂದು ದಿನ ಕುದುರೆ ಕಿತ್ತುಬರುತ್ತದೆ, ಇಲ್ಲವೇ ಕತ್ತು ಬಾಗುತ್ತದೆ. ಉಕ್ಕಿನ ತಂತಿಯ ಗಿಟಾರಿನ ಕತ್ತಿನೊಳಗೆ ಲೋಹದ ಸರಳು ಇರುವುದು ಈ ಎಳೆತವನ್ನು ತಡೆಯಲೆಂದೇ. ಮರ ತೇವ ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ತಯಾರಕರು ಹೇಳುವ ಹದ ನೂರಕ್ಕೆ 45ರಿಂದ 55ರಷ್ಟು ತೇವಾಂಶ. ಕರಾವಳಿಯ ಮಳೆಗಾಲಕ್ಕಾಗಲಿ, ಬಯಲುಸೀಮೆಯ ಬೇಸಿಗೆಗಾಗಲಿ ಈ ಹದ ಗೊತ್ತಿಲ್ಲ. ನುಡಿಸಿದ ಮೇಲೆ ಬೆವರು ಒರೆಸಿ ಪೆಟ್ಟಿಗೆಯಲ್ಲಿಡುವುದು, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡದಿರುವುದು, ಗೋಡೆಗೆ ನೇತುಹಾಕುವ ಮುನ್ನ ಗೋಡೆ ಜಿನುಗುತ್ತದೆಯೇ ನೋಡುವುದು: ನಮ್ಮ ಹವೆಯಲ್ಲಿ ಮುಖ್ಯವಾದದ್ದು ಇಷ್ಟು.

ತಂತಿಯ ತೊಂದರೆ ಹಿಂದೆ ಇದಕ್ಕಿಂತ ದೊಡ್ಡದಿತ್ತು. ಮೇಲಿನ ಮೂರು ತಂತಿಗಳು ಕುರಿಯ ಕರುಳಿನವು; ಹವೆ ಬದಲಾದರೆ ಶ್ರುತಿ ಬದಲಾಗುತ್ತಿತ್ತು, ಕಚೇರಿಯ ನಡುವೆ ತುಂಡಾಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಗಾಯ ಹೊಲಿಯುವ ದಾರಕ್ಕೆ ಕರುಳು ಬೇಕಾಗಿ ವಾದಕರಿಗೆ ಸಿಗದಾಯಿತು. ಡೆನ್ಮಾರ್ಕ್ ಮೂಲದ, ನ್ಯೂಯಾರ್ಕಿನ ವಾದ್ಯ ತಯಾರಕ ಆಲ್ಬರ್ಟ್ ಅಗಸ್ಟೀನ್ ನೈಲಾನ್ ಎಳೆಗಳನ್ನು ಹದಗೊಳಿಸಿ, ಸೆಗೋವಿಯಾನಿಂದ ನುಡಿಸಿ ನೋಡಿಸಿ, ಯುದ್ಧ ಮುಗಿದ ಮೇಲೆ ಮಾರುಕಟ್ಟೆಗೆ ತಂದ. ಕರುಳಿನ ತಂತಿಯ ಕಾಲ ಕೆಲವೇ ವರ್ಷಗಳಲ್ಲಿ ಮುಗಿಯಿತು.

ಇನ್ನು ಪಕ್ಕೆ ಮತ್ತು ಬೆನ್ನಿನ ಮರ. ಇಲ್ಲಿ ಕರ್ನಾಟಕದ ಕಾಡಿನ ಮಾತು ಬರುತ್ತದೆ. ಬಹುಕಾಲ ತಯಾರಕರಿಗೆ ಪ್ರಿಯವಾಗಿದ್ದದ್ದು ಬ್ರೆಜಿಲ್ ದೇಶದ ರೋಸ್‌ವುಡ್. 1960ರ ದಶಕದ ಕೊನೆಯಲ್ಲಿ ಅದರ ದಿಮ್ಮಿ ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪೆನಿ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ ತಿರುಗಿತು, ಉಳಿದವರೂ ಹಿಂಬಾಲಿಸಿದರು. ಭಾರತದ ರೋಸ್‌ವುಡ್ ಎಂದರೆ ನಮ್ಮ ಪಶ್ಚಿಮಘಟ್ಟದ ಬೀಟೆ. ಮೈಸೂರಿನ ಕೆತ್ತನೆಯ ಪೀಠೋಪಕರಣಗಳಿಗೆ ಬಳಸುವ ಅದೇ ಬೀಟೆ. 1992ರಲ್ಲಿ ಬ್ರೆಜಿಲ್ಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರವೇ ಬಹುಮಟ್ಟಿಗೆ ನಿಷೇಧಕ್ಕೆ ಒಳಗಾದ ಮೇಲೆ ಬೀಟೆಗೆ ಬೇಡಿಕೆ ಇನ್ನಷ್ಟು ಏರಿತು. 2017ರ ಜನವರಿಯಿಂದ ಬೀಟೆ ಸೇರಿದ ಇಡೀ ವೃಕ್ಷಕುಲವೇ ಅಪಾಯದ ಅಂಚಿನ ಜೀವಿಗಳ ವ್ಯಾಪಾರ ಕುರಿತ ಒಪ್ಪಂದದ ನಿಯಂತ್ರಣಕ್ಕೆ ಬಂತು. ಗಡಿ ದಾಟಿ ವ್ಯಾಪಾರವಾಗುವ ಗಿಟಾರುಗಳಿಗೂ ಪರವಾನಗಿ ಬೇಕೆಂದಾದಾಗ ತಯಾರಕರು, ಸಂಗೀತಗಾರರು ಆಕ್ಷೇಪ ಎತ್ತಿದರು. 2019ರಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನ ಸಿದ್ಧವಾದ ವಾದ್ಯಗಳನ್ನು ಈ ನಿಯಮದಿಂದ ಹೊರಗಿಟ್ಟಿತು. ಬೀಟೆಯ ದಿಮ್ಮಿ ಮತ್ತು ಹಲಗೆಗೆ ಆ ವಿನಾಯಿತಿ ಸಿಗಲಿಲ್ಲ.